413ನೇ ಬಿಲ್ ಎಲ್ಲಿ ಹೋಯಿತು?
ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯ ಪೋಸ್ಟ್‌ಗ್ರೆಸ್ (ಡೇಟಾಬೇಸ್) ಬಿಲ್ಲಿಂಗ್‌ನಲ್ಲಿ 412 ಆದಮೇಲೆ ನೇರ 414 ಬಂತು, 413 ಎಲ್ಲಿ ಅಂತ ಕೇಳಿದ್ದೀರಿ. ಡೇಟಾ ಏನೂ ಕಳೆದಿಲ್ಲ ಸರ್. ಸೀಕ್ವೆನ್ಸ್, ಅಂದ್ರೆ ಡೇಟಾಬೇಸ್ ತಾನೇ ಒಂದಾದ ಮೇಲೊಂದು ನಂಬರ್ ಕೊಡುವ ವ್ಯವಸ್ಥೆ, ಬ್ಯಾಂಕಿನ ಟೋಕನ್ ಇದ್ದ ಹಾಗೆ. ತಗೊಂಡವರು ಕೆಲಸ ಮುಗಿಸದೆ ಎದ್ದು ಹೋದರೂ ಆ ನಂಬರ್ ವಾಪಸ್ ಬರುವುದಿಲ್ಲ. ಬಿಲ್ ಸೇರಿಸುವ ಇನ್ಸರ್ಟ್ ಮಧ್ಯದಲ್ಲೇ ರದ್ದಾದರೂ (ರೋಲ್‌ಬ್ಯಾಕ್) ಅಷ್ಟೇ. ಮಳೆಗಾಲದಲ್ಲಿ ಕರೆಂಟ್ ಹೋಗಿ ಸರ್ವರ್ ದಿಢೀರ್ ಬಿದ್ದರೆ 30 ಚಿಲ್ಲರೆ ನಂಬರ್ ಒಟ್ಟಿಗೇ ಹಾರಬಹುದು. ಪೋಸ್ಟ್‌ಗ್ರೆಸ್ 32 ನಂಬರ್ ಮುಂದಕ್ಕೆ ತನ್ನ ಲಾಗ್‌ನಲ್ಲಿ (ದಾಖಲೆ ಕಡತದಲ್ಲಿ) ಬರೆದಿಟ್ಟಿರುತ್ತದೆ, ಅದಕ್ಕೆ.

ಆದರೆ ಜಿಎಸ್‌ಟಿ ಬಿಲ್‌ಗೆ ನಂಬರ್ ಸಾಲಾಗಿಯೇ ಬೇಕಲ್ವಾ? ಸೀಕ್ವೆನ್ಸ್‌ನಿಂದ ನಂಬರ್ ಪಡೆಯುವ ಐಡೆಂಟಿಟಿ ಕಾಲಂ ಸುಮ್ನೆ ಒಳಗಿನ ಐಡಿಯಾಗಿ ಇರಲಿ. ಬಿಲ್ ನಂಬರಿಗೆ ಬೇರೆ ಟೇಬಲ್‌ನಲ್ಲಿ ಕೊನೆಯ ನಂಬರ್ ಇರುವ ಒಂದು ರೋ (ಸಾಲು) ಇಡಿ. ಬಿಲ್ ಸೇವ್ ಆಗುವ ಟ್ರಾನ್ಸಾಕ್ಷನ್‌ನಲ್ಲೇ (ಆದರೆ ಪೂರ್ತಿ ಆಗುವ, ಇಲ್ಲದಿದ್ದರೆ ಪೂರ್ತಿ ರದ್ದಾಗುವ ಕೆಲಸ) ಅದನ್ನು ಒಂದು ಹೆಚ್ಚಿಸಿ ತಗೊಳ್ಳಿ. ಒಬ್ಬರದು ಮುಗಿಯುವ ತನಕ ಇನ್ನೊಬ್ಬರು ಕಾಯಬೇಕು, ನಿಜ. ಎರಡು ಕೌಂಟರಿನ ಅಂಗಡಿಗೆ ಅದು ಗೊತ್ತೂ ಆಗುವುದಿಲ್ಲ.