ಹಸುವಿಗೆ ಹಾಕುವ ಓಟ್ಸ್ ಮೇವೂ ನಾವು ತಿನ್ನುವ ಓಟ್ಸೂ ಒಂದೇನಾ? ಹೊಲದ ಕಾಳನ್ನೇ ಕುಟ್ಟಿ ಗಂಜಿ ಮಾಡಬಹುದಾ?

ಗಿಡ ಒಂದೇ, ಕೊಯ್ಯುವ ಹೊತ್ತು ಬೇರೆ. ಹೂ ಬಿಡುವಾಗ ಹಸಿರಾಗಿ ಕೊಯ್ದರೆ ಮೇವು, ತೆನೆ ಬಲಿತು ಒಣಗಿದ ಮೇಲೆ ಕೊಯ್ದರೆ ಕಾಳು. ಆದರೆ ಆ ಕಾಳನ್ನು ಸುಮ್ನೆ ಕುಟ್ಟಿದರೆ ಗಂಜಿಗೆ ಆಗುವುದಿಲ್ಲ.

ಮೊದಲ ತೊಡಕು ಸಿಪ್ಪೆ. ಗೋಧಿಯ ಹೊಟ್ಟು ಒಕ್ಕಣೆಯಲ್ಲೇ ಉದುರುತ್ತದೆ. ಓಟ್ಸಿನದು ಭತ್ತದ ಹಾಗೆ ಕಾಳಿಗೆ ಅಂಟಿಕೊಂಡೇ ಇರುತ್ತದೆ. ತೂಕದಲ್ಲಿ ಸುಮಾರು ಕಾಲು ಭಾಗ ಅದೇ! ಕುದುರೆ ಸಿಪ್ಪೆ ಸಮೇತ ಅಗಿದು ತಿನ್ನುತ್ತದೆ, ನಮ್ಮಿಂದಾಗದು.

ಸಿಪ್ಪೆ ತೆಗೆದರೂ ಕೆಲಸ ಮುಗಿಯಲಿಲ್ಲ. ಓಟ್ಸಿನಲ್ಲಿ ಅಕ್ಕಿ, ಗೋಧಿಗಿಂತ ಕೊಬ್ಬು ಜಾಸ್ತಿ. ಆ ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಅದೇ ಕಾಳಿನಲ್ಲಿದೆ. ಕಾಳು ಇಡಿಯಾಗಿರುವ ತನಕ ಎರಡೂ ಬೇರೆ ಬೇರೆ ಇರುತ್ತವೆ. ಪುಡಿ ಮಾಡಿದಾಗ ಒಂದಕ್ಕೊಂದು ತಾಗಿ ಹಿಟ್ಟು ಬೇಗ ಕಹಿಯಾಗುತ್ತದೆ, ಕಮಟು ವಾಸನೆ ಬರುತ್ತದೆ. ಅದಕ್ಕೇ ಗಿರಣಿಯಲ್ಲಿ ಮೊದಲು ಹಬೆ ಕೊಟ್ಟು ಕಿಣ್ವದ ಕೆಲಸ ನಿಲ್ಲಿಸುತ್ತಾರೆ. ಆಮೇಲೆ ರೋಲರುಗಳ ನಡುವೆ ಒತ್ತಿ ಅವಲಕ್ಕಿಯಂತೆ ಚಪ್ಪಟೆ ಮಾಡುತ್ತಾರೆ. ಅಂಗಡಿಯಲ್ಲಿ ಸಿಗುವುದು ಅದೇ.

ಹಾಗಾಗಿ ನಮ್ಮ ಕಡೆ ಮೇವಿಗೆ ಬೆಳೆಯುವುದೇ ಸರಿ ಎಂದು ನನ್ನ ಅನಿಸಿಕೆ. ಇದಕ್ಕೆ ತಂಪು ಬೇಕು, ನೀರೂ ಬೇಕು. ಅಕ್ಟೋಬರ್–ನವೆಂಬರಿನಲ್ಲಿ ಬಿತ್ತಿ, ಎಕರೆಗೆ ಸುಮಾರು 40 ಕೆಜಿ ಬೀಜ. ಕೆಂಟ್ ಹಳೆಯ, ನಂಬಿಕೆಯ ತಳಿ. ಒಂದೇ ಸಲ ಕೊಯ್ಯುವುದಾದರೆ ಅರ್ಧದಷ್ಟು ಗಿಡ ಹೂ ಬಿಟ್ಟಾಗ ಕೊಯ್ಯಿರಿ. ತಡವಾದರೆ ಕಾಂಡ ಬಲಿತು ನಾರಾಗುತ್ತದೆ, ದನ ಅರ್ಧ ತಿಂದು ಅರ್ಧ ಬಿಡುತ್ತದೆ.