ಪಾರ್ಸೆಲ್ ಊಟಕ್ಕೂ ಟಿಪ್ಸ್ ಕೊಡಬೇಕೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋಟೆಲಿನಿಂದ ಊಟ ಕಟ್ಟಿಸಿಕೊಂಡು ಹೋಗುವಾಗ ಟಿಪ್ಸ್ ಕೊಡುವ ಕುರಿತು, ಹೆಚ್ಚಾಗಿ ಅಮೆರಿಕದಲ್ಲಿರುವ ಓದುಗರಿಂದ ಹಾಗೂ ಅಲ್ಲಿಗೆ ಮಕ್ಕಳ ಮನೆಗೆ ಹೋಗಿಬರುವ ಹಿರಿಯರಿಂದ ಪತ್ರಗಳು ಬಂದಿವೆ. ಅವುಗಳಲ್ಲಿ ಕೆಲವಕ್ಕೆ ಈ ಸಲ ಉತ್ತರಿಸುತ್ತಿದ್ದೇವೆ.

ಪ್ರಶ್ನೆ: ನಾವು ದಂಪತಿ ಕೆಲವು ತಿಂಗಳ ಮಟ್ಟಿಗೆ ಟೆಕ್ಸಸ್‌ನ ಡಲ್ಲಾಸ್‌ನಲ್ಲಿರುವ ಮಗನ ಮನೆಗೆ ಬಂದಿದ್ದೇವೆ. ಕಳೆದ ವಾರ ಮಗ ಫೋನಿನಲ್ಲಿ ಹೇಳಿಟ್ಟಿದ್ದ ದೋಸೆ, ಬಿಸಿಬೇಳೆಬಾತಿನ ಪಾರ್ಸೆಲ್ ತರಲು ಹೋಟೆಲಿನೊಳಗೆ ನಾನೇ ಹೋದೆ. ಕೌಂಟರಿನಲ್ಲಿದ್ದ ಹುಡುಗಿ ಚೀಲವನ್ನು ಮುಂದಿಟ್ಟು, ಹಣ ಕಟ್ಟುವ ಟ್ಯಾಬ್ಲೆಟ್ಟನ್ನು ನನ್ನತ್ತ ತಿರುಗಿಸಿದಳು. ಅದರಲ್ಲಿ ಶೇ 18, 20, 25 ಎಂದು ಟಿಪ್ಸ್‌ನ ಮೂರು ಗುಂಡಿಗಳಿದ್ದವು. ಹಿಂದೆ ಜನ ನಿಂತಿದ್ದರಿಂದ ಸಂಕೋಚಕ್ಕೆ 20 ಒತ್ತಿಬಿಟ್ಟೆ. ಮನೆಗೆ ಬಂದ ಮೇಲೆ, ‘ಪಾರ್ಸೆಲ್‌ಗೆಲ್ಲ ಯಾಕೆ ಕೊಟ್ಟಿರಿ ಅಪ್ಪ’ ಎಂದು ಮಗ ಕೇಳಿದ. ಕೊಡದಿದ್ದರೆ ಮರ್ಯಾದೆಯಲ್ಲ ಎಂದು ಸೊಸೆ ಹೇಳಿದಳು. ಇವರಲ್ಲಿ ಯಾರ ಮಾತು ಸರಿ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ನೀವು ತಂದದ್ದು ಮನೆಮಂದಿಯ ಒಂದು ಹೊತ್ತಿನ ಸಣ್ಣ ಪಾರ್ಸೆಲ್ ಆದ್ದರಿಂದ ಈ ಸಂದರ್ಭಕ್ಕೆ ನಿಮ್ಮ ಮಗನ ಮಾತೇ ಹೆಚ್ಚು ಸರಿ. ಆದರೆ ಸೊಸೆಯ ಮಾತಿನ ಹಿಂದೆಯೂ ಕಾರಣವಿದೆ, ಅದನ್ನು ತಿಳಿಯಬೇಕಾದರೆ ಅಲ್ಲಿನ ಸಂಬಳದ ಕಾನೂನನ್ನು ಸ್ವಲ್ಪ ನೋಡಬೇಕಾಗುತ್ತದೆ.

ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಅದು ಏರಿಲ್ಲ. ಆದರೆ ತಿಂಗಳಿಗೆ 30 ಡಾಲರಿಗಿಂತ ಹೆಚ್ಚು ಟಿಪ್ಸ್ ರೂಢಿಯಾಗಿ ಸಿಗುವ ಕೆಲಸಗಾರರಿಗೆ ಮಾಲೀಕನು ತನ್ನ ಕೈಯಿಂದ ಗಂಟೆಗೆ 2.13 ಡಾಲರ್ ಮಾತ್ರ ಕೊಟ್ಟು, ಉಳಿದದ್ದನ್ನು ಟಿಪ್ಸ್‌ನಿಂದ ಭರ್ತಿ ಮಾಡಿಕೊಳ್ಳಲು ಅದೇ ಕಾನೂನು ಅವಕಾಶ ಕೊಟ್ಟಿದೆ. ಈ 2.13ರ ಅಂಕಿಯಂತೂ 1991ರಿಂದ ಅಲುಗಾಡಿಲ್ಲ, ಟೆಕ್ಸಸ್ ಇಂದಿಗೂ ಅದನ್ನೇ ಪಾಲಿಸುವ ರಾಜ್ಯಗಳಲ್ಲೊಂದು. ಟಿಪ್ಸ್ ಸೇರಿಸಿದರೂ 7.25 ಆಗದಿದ್ದರೆ ಕೊರತೆಯನ್ನು ಮಾಲೀಕನೇ ತುಂಬಿಕೊಡಬೇಕೆಂಬ ನಿಯಮವಿದೆ ನಿಜ. ಆದರೂ ಮೇಜಿನ ಬಳಿ ಬಂದು ಬಡಿಸುವವರ ಸಂಪಾದನೆಯ ದೊಡ್ಡ ಪಾಲು ಗಿರಾಕಿಯ ಕೈಯಲ್ಲೇ ಇರುತ್ತದೆ. ಆದ್ದರಿಂದ ಕುಳಿತು ಊಟ ಮಾಡಿದಾಗ ಶೇ 15ರಿಂದ 20ರಷ್ಟು ಕೊಡುವುದನ್ನು ಅಲ್ಲಿ ಯಾರೂ ಔದಾರ್ಯವೆಂದು ಎಣಿಸುವುದಿಲ್ಲ; ಅದು ಊಟದ ಬೆಲೆಯ ಭಾಗವೆಂದೇ ಲೆಕ್ಕ. ನಮ್ಮ ಊರಿನ ಹೋಟೆಲಿನಲ್ಲಿ ಮಾಣಿಗೆ ಚಿಲ್ಲರೆ ಬಿಟ್ಟುಬರುವ ರೂಢಿಯ ಜೊತೆ ಇದನ್ನು ಹೋಲಿಸಬಾರದು.

ಪಾರ್ಸೆಲ್‌ನ ವಿಷಯದಲ್ಲಿ ಈ ವಾದ ಸಡಿಲಾಗುತ್ತದೆ. ಅಲ್ಲಿ ನಿಮ್ಮನ್ನು ಕೂರಿಸಿ, ನೀರು ಕೊಟ್ಟು, ಬೇಕುಬೇಡ ವಿಚಾರಿಸಿ, ಎಂಜಲು ತಟ್ಟೆ ಎತ್ತುವ ಕೆಲಸವಿಲ್ಲ. ಅಡುಗೆಮನೆಯವರಿಗೂ ಬರೀ ಕೌಂಟರ್ ನೋಡಿಕೊಳ್ಳುವವರಿಗೂ ಸಾಮಾನ್ಯವಾಗಿ ಪೂರ್ಣ ಕನಿಷ್ಠ ಕೂಲಿ ಅಥವಾ ಅದಕ್ಕಿಂತ ಹೆಚ್ಚು ಸಿಗುತ್ತದೆ. ಶಿಷ್ಟಾಚಾರದ ವಿಷಯದಲ್ಲಿ ಅಮೆರಿಕದವರು ಬಹುಕಾಲದಿಂದ ಕೇಳಿಕೊಂಡು ಬಂದಿರುವ ಎಮಿಲಿ ಪೋಸ್ಟ್ ಇನ್‌ಸ್ಟಿಟ್ಯೂಟ್ ಕೂಡ ಪಾರ್ಸೆಲ್‌ಗೆ ಟಿಪ್ಸ್ ಕಡ್ಡಾಯವಲ್ಲವೆಂದೇ ಹೇಳುತ್ತದೆ. ಆರ್ಡರ್ ದೊಡ್ಡದಾಗಿದ್ದರೆ, ತೊಡಕಿನದಾಗಿದ್ದರೆ ಅಥವಾ ಕಾರಿನ ತನಕ ತಂದುಕೊಟ್ಟರೆ ಶೇ 10ರಷ್ಟು ಸಾಕೆಂಬುದು ಅದರ ಸಲಹೆ.

ಇಷ್ಟಕ್ಕೇ ಮಾತು ಮುಗಿದಿದ್ದರೆ ನಿಮ್ಮ ಸೊಸೆಯದು ತಪ್ಪೆಂದು ಬಿಡಬಹುದಿತ್ತು. ಆದರೆ ಮೇಜಿಗೆ ಬಡಿಸುವ ಹೋಟೆಲುಗಳಲ್ಲಿ ಅನೇಕ ಸಲ ಪಾರ್ಸೆಲ್ ಕಟ್ಟುವವರು ಬೇರೆ ಯಾರೋ ಅಲ್ಲ, ಆ ಹೊತ್ತಿಗೆ ಬಿಡುವಿರುವ ಪರಿಚಾರಕರೇ. ಸಾಂಬಾರು ಚೆಲ್ಲದಂತೆ ಮುಚ್ಚಳ ಬಿಗಿಮಾಡಿ, ಚಟ್ನಿಯನ್ನು ಬೇರೆ ಡಬ್ಬಿಗೆ ಹಾಕಿ, ಈರುಳ್ಳಿ ಬೇಡವೆಂದವರ ದೋಸೆಯನ್ನು ಗುರುತಿಟ್ಟು, ಎಲ್ಲವೂ ಬಂದಿದೆಯೇ ಎಂದು ಚೀಟಿಯೊಡನೆ ತಾಳೆ ನೋಡುವುದರಲ್ಲಿ ಹತ್ತು ನಿಮಿಷ ಹೋಗುತ್ತದೆ. ಆ ಹತ್ತು ನಿಮಿಷ ಅವರು ತಮ್ಮ ಮೇಜುಗಳಿಂದ ದೂರವಿರುತ್ತಾರೆ. ಟೆಕ್ಸಸ್‌ನಂಥ ರಾಜ್ಯದಲ್ಲಿ ಆ ಹೊತ್ತಿಗೂ ಅವರ ಕೂಲಿ 2.13ರ ಲೆಕ್ಕದಲ್ಲೇ ನಡೆಯುತ್ತಿರಬಹುದು. ಇದು ಹೊರಗಿನವರಿಗೆ ಕಣ್ಣಿಗೆ ಕಾಣುವ ಸಂಗತಿಯಲ್ಲ. ಆದ್ದರಿಂದ ನಮ್ಮ ಸಲಹೆ ಹೀಗಿದೆ: ಕೂತು ತಿನ್ನುವವರೂ ಕೌಂಟರಿಗೇ ಹೋಗಿ ತಟ್ಟೆ ತಂದುಕೊಳ್ಳುವಂಥ ಜಾಗವಾದರೆ ಪಾರ್ಸೆಲ್‌ಗೆ ಏನೂ ಕೊಡದೆ ಬಂದರೂ ಅಡ್ಡಿಯಿಲ್ಲ. ಮೇಜಿಗೆ ಬಡಿಸುವ ಹೋಟೆಲಾದರೆ, ಅದರಲ್ಲೂ ನೀವು ವಾರವಾರ ಹೋಗುವ ಜಾಗವಾದರೆ, ಒಂದೆರಡು ಡಾಲರ್ ಅಥವಾ ಶೇ 10 ಕೊಡುವುದು ಚೆನ್ನ. ಅದಕ್ಕಿಂತ ಹೆಚ್ಚು ಕೊಡಬೇಕಾದ ಹಂಗೇನೂ ಇಲ್ಲ.

ಇನ್ನು ಆ ಟ್ಯಾಬ್ಲೆಟ್ಟಿನ ವಿಷಯ. 2020ರಲ್ಲಿ ಕೊರೊನಾದಿಂದಾಗಿ ಹೋಟೆಲುಗಳ ಊಟದ ಕೋಣೆಗಳು ಮುಚ್ಚಿ ಪಾರ್ಸೆಲ್ ಒಂದೇ ಜೀವನಾಧಾರವಾದಾಗ, ಕೆಲಸಗಾರರ ಮೇಲಿನ ಕನಿಕರದಿಂದ ಅನೇಕರು ಪಾರ್ಸೆಲ್‌ಗೂ ಧಾರಾಳವಾಗಿ ಟಿಪ್ಸ್ ಕೊಟ್ಟರು. ಊಟದ ಕೋಣೆಗಳು ಮತ್ತೆ ತೆರೆದವು, ಗುಂಡಿಗಳು ಮಾತ್ರ ಪರದೆಯ ಮೇಲೆಯೇ ಉಳಿದುಕೊಂಡವು. ಮೊದಲಿಗಿಂತ ಹೆಚ್ಚು ಕಡೆ ಟಿಪ್ಸ್ ನಿರೀಕ್ಷಿಸಲಾಗುತ್ತಿದೆ ಎಂದು ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ 2023ರ ಸಮೀಕ್ಷೆಯಲ್ಲಿ ಶೇ 72ರಷ್ಟು ಅಮೆರಿಕನ್ನರೇ ಹೇಳಿದ್ದರು. ಸಂಕೋಚಕ್ಕೆ ಒಳಗಾದವರು ನೀವೊಬ್ಬರೇ ಎಂದು ತಿಳಿಯಬೇಡಿ. ಆ ಮೂರು ಅಂಕಿಗಳನ್ನು ಆರಿಸಿದ್ದು ಅಂಗಡಿಯವರೇ ಹೊರತು ಕಾನೂನಲ್ಲ. ಸಾಮಾನ್ಯವಾಗಿ ಅವುಗಳ ಕೆಳಗೆ ಸಣ್ಣ ಅಕ್ಷರದಲ್ಲಿ ‘ನೋ ಟಿಪ್’ ಮತ್ತು ‘ಕಸ್ಟಮ್’ ಎಂಬ ಇನ್ನೆರಡು ಗುಂಡಿಗಳಿರುತ್ತವೆ. ಮೊದಲನೆಯದನ್ನು ಒತ್ತಿ, ನಗುಮುಖದಿಂದ ವಂದನೆ ಹೇಳಿ ಚೀಲ ಎತ್ತಿಕೊಂಡು ಬರಬಹುದು. ಎರಡನೆಯದನ್ನು ಒತ್ತಿದರೆ ನಿಮಗೆ ಸರಿತೋಚಿದ ಮೊತ್ತವನ್ನು ನೀವೇ ತುಂಬಬಹುದು.

ಒಂದು ಸಣ್ಣ ಲೆಕ್ಕವನ್ನೂ ಗಮನಿಸಿ. ಟಿಪ್ಸ್ ಹಾಕಬೇಕಾದದ್ದು ತೆರಿಗೆ ಸೇರುವ ಮೊದಲಿನ ಮೊತ್ತದ ಮೇಲೆ. ಡಲ್ಲಾಸ್‌ನಲ್ಲಿ ಮಾರಾಟ ತೆರಿಗೆ ಶೇ 8.25. ಊಟ 40 ಡಾಲರ್ ಆದರೆ ತೆರಿಗೆ ಸೇರಿ 43.30 ಆಗುತ್ತದೆ. ಕೆಲವು ಯಂತ್ರಗಳು ಈ ದೊಡ್ಡ ಮೊತ್ತದ ಮೇಲೆಯೇ ಲೆಕ್ಕ ಹಾಕುವುದರಿಂದ ಶೇ 20 ಎಂದರೆ 8 ಡಾಲರ್ ಆಗಬೇಕಾದಲ್ಲಿ 8.66 ಆಗುತ್ತದೆ. ಇನ್ನೊಂದು ಮಾತು: ನಿಮ್ಮ ವಯಸ್ಸಿನವರೆಲ್ಲ ಮಾಡುವಂತೆ ನೀವೂ ಆ ಎಂಟು ಡಾಲರನ್ನು ರೂಪಾಯಿಗೆ ಪರಿವರ್ತಿಸಿ ನೋಡಿರುತ್ತೀರಿ. ಹಾಗೆ ಮಾಡಿದರೆ ಅಮೆರಿಕದಲ್ಲಿ ದೋಸೆಯನ್ನೂ ತಿನ್ನಲಾಗುವುದಿಲ್ಲ.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇನೆ. ನಮ್ಮ ರಾಜ್ಯದಲ್ಲಿ ಎಲ್ಲರಿಗೂ ಪೂರ್ಣ ಕೂಲಿ ಸಿಗುವಾಗ ಪಾರ್ಸೆಲ್‌ಗೆ ಟಿಪ್ಸ್ ಕೇಳುವುದರಲ್ಲಿ ಅರ್ಥವೇನು?
— ಸಾಫ್ಟ್‌ವೇರ್ ಉದ್ಯೋಗಿ

ಉತ್ತರ: ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಒರೆಗಾನ್, ನೆವಾಡಾ, ಮೊಂಟಾನಾ, ಮಿನೆಸೋಟಾ ಮತ್ತು ಅಲಾಸ್ಕಾ ರಾಜ್ಯಗಳಲ್ಲಿ ಟಿಪ್ಸ್ ತೋರಿಸಿ ಕೂಲಿ ಕಡಿತ ಮಾಡುವಂತಿಲ್ಲ, ರಾಜ್ಯದ ಕನಿಷ್ಠ ಕೂಲಿಯನ್ನು ಮಾಲೀಕರೇ ಪೂರ್ತಿ ಕೊಡಬೇಕು. ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಫಾಸ್ಟ್‌ಫುಡ್ ಸರಪಳಿಗಳ ಕೆಲಸಗಾರರಿಗೆ ಏಪ್ರಿಲ್ 2024ರಿಂದ ಗಂಟೆಗೆ 20 ಡಾಲರ್ ಕನಿಷ್ಠವಾಗಿದೆ. ಹೀಗಿರುವಾಗ, ಸಂಬಳದ ಕೊರತೆ ತುಂಬಲು ಟಿಪ್ಸ್ ಕೊಡಬೇಕೆಂಬ ವಾದ ನಿಮ್ಮಲ್ಲಿ ನಿಲ್ಲುವುದಿಲ್ಲ. ಕುಳಿತು ಉಂಡಾಗ ಕೊಡುವ ರೂಢಿಯನ್ನು ಬಿಡಬೇಡಿ, ಅದು ಆ ರಾಜ್ಯಗಳಲ್ಲೂ ಹಾಗೆಯೇ ನಡೆದುಬಂದಿದೆ. ಪಾರ್ಸೆಲ್ ಮಾತ್ರ ಪೂರ್ಣವಾಗಿ ನಿಮ್ಮಿಷ್ಟ. ಆದರೆ ದುಬಾರಿ ಬಾಡಿಗೆಯ ಊರಾದ ಸ್ಯಾನ್ ಹೋಸೆಯಲ್ಲಿ ಕನಿಷ್ಠ ಕೂಲಿಯಲ್ಲಿ ಬದುಕುವುದು ಎಷ್ಟು ಕಷ್ಟವೆಂದು ಅಲ್ಲೇ ಇರುವ ನಿಮಗೆ ನಾವು ಹೇಳಬೇಕಿಲ್ಲ.

ಪ್ರಶ್ನೆ: ನಮ್ಮ ಕನ್ನಡ ಕೂಟದ ಯುಗಾದಿ ಊಟಕ್ಕೆ ಇಲ್ಲಿನ ದಕ್ಷಿಣ ಭಾರತೀಯ ಹೋಟೆಲೊಂದರಿಂದ ದೊಡ್ಡ ಟ್ರೇಗಳಲ್ಲಿ ಚಿತ್ರಾನ್ನ, ಪಲ್ಯ, ಹೋಳಿಗೆ ತರಿಸಿದೆವು. ಹೋಟೆಲಿನ ಇಬ್ಬರು ಹುಡುಗರು ಎಲ್ಲವನ್ನೂ ಹೊತ್ತು ತಂದು ವ್ಯಾನಿಗೆ ಏರಿಸಿದರು. ಬಿಲ್ಲಿನಲ್ಲಿ ಮೊದಲೇ ಶೇ 15 ‘ಸರ್ವಿಸ್ ಚಾರ್ಜ್’ ಇತ್ತು. ಮತ್ತೆ ಟಿಪ್ಸ್ ಕೊಡಬೇಕಿತ್ತೆ? ಕೌಂಟರಿನಲ್ಲಿ ಮಾಲೀಕರೇ ಇದ್ದರು.
— ಕೂಟದ ಕಾರ್ಯಕರ್ತೆ, ನ್ಯೂಜೆರ್ಸಿ

ಉತ್ತರ: ಮೊದಲು ನೀವು ಮಾಡಬೇಕಾದದ್ದು, ಆ ಸರ್ವಿಸ್ ಚಾರ್ಜ್ ಯಾರಿಗೆ ಹೋಗುತ್ತದೆಂದು ಕೇಳುವುದು. ಹಾಗೆ ಕೇಳುವುದರಲ್ಲಿ ಒರಟುತನವೇನೂ ಇಲ್ಲ. ಗಿರಾಕಿಯ ಇಷ್ಟಕ್ಕೆ ಬಿಡದೆ ಬಿಲ್ಲಿಗೇ ಸೇರಿಸಿದ ಮೊತ್ತವನ್ನು ಅಲ್ಲಿನ ತೆರಿಗೆ ಇಲಾಖೆ ಟಿಪ್ಸ್ ಎಂದು ಪರಿಗಣಿಸುವುದಿಲ್ಲ. ಅದು ಹೋಟೆಲಿನ ಆದಾಯ, ಕೆಲಸಗಾರರಿಗೆ ಹಂಚಿದರೆ ಸಂಬಳದ ಲೆಕ್ಕಕ್ಕೆ ಸೇರುತ್ತದೆ. ಗಿರಾಕಿ ತಾನಾಗಿ ಕೊಟ್ಟ ಟಿಪ್ಸ್‌ನ ಸಂಗತಿ ಬೇರೆ. ಕೆಲಸಗಾರರಿಗೆ ಬಂದ ಟಿಪ್ಸ್‌ನಲ್ಲಿ ಮಾಲೀಕರಾಗಲಿ ಮ್ಯಾನೇಜರಾಗಲಿ ಪಾಲು ಇಟ್ಟುಕೊಳ್ಳಬಾರದೆಂದು 2018ರ ಕಾನೂನು ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ.

ಸರ್ವಿಸ್ ಚಾರ್ಜ್ ಕೆಲಸಗಾರರಿಗೇ ಹೋಗುತ್ತದೆ ಎಂಬ ಉತ್ತರ ಬಂದರೆ ಮೇಲೆ ಇನ್ನೇನೂ ಕೊಡಬೇಕಿಲ್ಲ. ಉತ್ತರ ಹಾರಿಕೆಯದಾಗಿದ್ದರೆ, ಟ್ರೇ ಹೊತ್ತ ಆ ಇಬ್ಬರ ಕೈಗೆ ಹತ್ತೋ ಇಪ್ಪತ್ತೋ ಡಾಲರ್ ನಗದಾಗಿ ಕೊಡಿ. ಹಬ್ಬದ ದಿನ ಬೆಳಿಗ್ಗೆ ಹೊಗೆಯಾಡುವ ಟ್ರೇಗಳನ್ನು ಮಗುಚದೆ ವ್ಯಾನಿಗೆ ಏರಿಸುವುದು ಪೂರ್ತಿ ಟಿಪ್ಸ್‌ಗೆ ತಕ್ಕ ಕೆಲಸವೇ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಇಲ್ಲದೇ ಹೋಗಿದ್ದರೆ ಇಂಥ ದೊಡ್ಡ ಆರ್ಡರಿಗೆ ಶೇ 10 ಕೊಡುವುದು ಸರಿ. ಕೌಂಟರಿನಲ್ಲಿದ್ದ ಮಾಲೀಕರಿಗೆ ಟಿಪ್ಸ್ ಕೊಡಬೇಕಿಲ್ಲ. ಊಟ ಚೆನ್ನಾಗಿತ್ತೆಂದು ಹೇಳಿ, ಮುಂದಿನ ಹಬ್ಬದ ಆರ್ಡರನ್ನೂ ಅವರಿಗೇ ಕೊಟ್ಟರೆ ಅವರಿಗೆ ಸಂತೋಷವಾಗುತ್ತದೆ.

ಕೂಟದ ಖರ್ಚಾದ್ದರಿಂದ ಇನ್ನೊಂದು ಮಾತು. ಟಿಪ್ಸ್‌ಗೆಂದು ಇಂತಿಷ್ಟು ಎಂದು ಸಮಿತಿಯಲ್ಲಿ ಮೊದಲೇ ನಿಗದಿ ಮಾಡಿಕೊಳ್ಳಿ. ಊಟ ತರಲು ಹೋದ ಸ್ವಯಂಸೇವಕರು ತಮ್ಮ ಜೇಬಿನಿಂದ ಕೊಟ್ಟು, ಆಮೇಲೆ ಖಜಾಂಚಿಯ ಬಳಿ ರಸೀದಿಯಿಲ್ಲದ ಇಪ್ಪತ್ತು ಡಾಲರ್ ಕೇಳಲಾರದೆ ಸುಮ್ಮನಾಗುವುದು ಎಲ್ಲ ಕೂಟಗಳಲ್ಲೂ ನಡೆಯುವ ಸಂಗತಿ.

ಪ್ರಶ್ನೆ: ಆ್ಯಪ್‌ನಲ್ಲಿ ಪಾರ್ಸೆಲ್ ಹೇಳಿದಾಗ ನಾವೇ ಹೋಗಿ ತಂದರೂ ಟಿಪ್ಸ್ ಕೇಳುತ್ತದೆ, ಮನೆಗೆ ತರಿಸಿದರೂ ಕೇಳುತ್ತದೆ. ಎರಡೂ ಒಂದೆಯೇ?
— ವಿದ್ಯಾರ್ಥಿ, ಷಿಕಾಗೊ

ಉತ್ತರ: ಖಂಡಿತ ಒಂದಲ್ಲ. ನೀವೇ ಹೋಗಿ ತರುವುದಾದರೆ ಮೇಲೆ ಹೇಳಿದ್ದೆಲ್ಲ ಅನ್ವಯಿಸುತ್ತದೆ, ವಿದ್ಯಾರ್ಥಿಯ ಕೈಬಿಗಿ ಇದ್ದರೆ ನಿಶ್ಚಿಂತೆಯಿಂದ ಸೊನ್ನೆ ಹಾಕಿ. ಮನೆಗೆ ತರಿಸಿಕೊಂಡಾಗ ಮಾತ್ರ ಟಿಪ್ಸ್ ತಪ್ಪಿಸಬಾರದು. ತರುವವರು ತಮ್ಮದೇ ಕಾರು, ತಮ್ಮದೇ ಪೆಟ್ರೋಲು ಹಾಕಿಕೊಂಡು ಬರುತ್ತಾರೆ. ಬಿಲ್ಲಿನಲ್ಲಿ ಕಾಣುವ ‘ಡೆಲಿವರಿ ಫೀ’ ಕಂಪನಿ ವಿಧಿಸುವ ಶುಲ್ಕವೇ ಹೊರತು ತರುವವರ ಟಿಪ್ಸ್ ಅಲ್ಲ. ಅಲ್ಲದೆ ಆರ್ಡರ್ ಒಪ್ಪಿಕೊಳ್ಳುವ ಮೊದಲೇ ಎಷ್ಟು ಸಿಗಬಹುದೆಂಬ ಅಂದಾಜು ಅವರ ಫೋನಿನಲ್ಲಿ ಕಾಣುವುದುಂಟು. ಟಿಪ್ಸ್ ಇಲ್ಲದ ಆರ್ಡರನ್ನು ಒಬ್ಬರಾದ ಮೇಲೊಬ್ಬರು ಬಿಟ್ಟರೆ ನಿಮ್ಮ ಊಟ ಹೋಟೆಲಿನಲ್ಲೇ ಆರುತ್ತಾ ಕೂರುತ್ತದೆ. ಸಣ್ಣ ಆರ್ಡರಾದರೂ ಮೂರು ನಾಲ್ಕು ಡಾಲರ್ ಕೊಡಿ. ಷಿಕಾಗೊದ ಹಿಮ ಸುರಿಯುವ ರಾತ್ರಿಯಲ್ಲಿ ಇನ್ನೊಂದಿಷ್ಟು ಸೇರಿಸಿ.

ಪ್ರಶ್ನೆ: ಬೆಂಗಳೂರಿನ ಹೋಟೆಲೊಂದರಲ್ಲಿ ಪಾರ್ಸೆಲ್ ಬಿಲ್ಲಿಗೂ ಶೇ 10 ಸೇವಾ ಶುಲ್ಕ ಹಾಕಿದ್ದರು. ಪ್ರಶ್ನಿಸಿದರೆ ‘ಎಲ್ಲರಿಗೂ ಹೀಗೇ’ ಎಂದರು. ಕೊಡಲೇಬೇಕೆ?
— ಗೃಹಿಣಿ, ಜಯನಗರ

ಉತ್ತರ: ಬೇಕಿಲ್ಲ. ಹೋಟೆಲುಗಳು ಬಿಲ್ಲಿಗೆ ತಾವಾಗಿ ಸೇವಾ ಶುಲ್ಕ ಸೇರಿಸಬಾರದು, ಬೇರೆ ಹೆಸರಿನಲ್ಲಿಯೂ ವಸೂಲಿ ಮಾಡಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿದೆ. ಹೋಟೆಲು ಮಾಲೀಕರ ಸಂಘಗಳು ಅದನ್ನು ಪ್ರಶ್ನಿಸಿದ್ದವು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಬಡಿಸದ ಊಟಕ್ಕೆ ಸೇವಾ ಶುಲ್ಕ ಕೇಳುವುದು ಹೇಗೆ ನೋಡಿದರೂ ವಿಚಿತ್ರವೇ. ಶುಲ್ಕ ತೆಗೆದು ಹೊಸ ಬಿಲ್ ಕೊಡಿ ಎಂದು ಮೊದಲು ಮ್ಯಾನೇಜರನ್ನು ಕೇಳಿ, ಒಪ್ಪದಿದ್ದರೆ ಬಿಲ್ಲಿನ ಚಿತ್ರ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಬಿಲ್ಲಿನಲ್ಲಿರುವ ಜಿಎಸ್‌ಟಿ ಮಾತ್ರ ಸರ್ಕಾರದ ತೆರಿಗೆ, ಅದನ್ನು ಕಟ್ಟಲೇಬೇಕು. ಡಬ್ಬಿ, ಚೀಲಗಳಿಗೆಂದು ದರ್ಶಿನಿಗಳಲ್ಲಿ ತೆಗೆದುಕೊಳ್ಳುವ ಐದೋ ಹತ್ತೋ ರೂಪಾಯಿಯ ಪಾರ್ಸೆಲ್ ಚಾರ್ಜ್ ಸಾಮಾನಿನ ಬೆಲೆಯಾದ್ದರಿಂದ ಅದನ್ನು ಸೇವಾ ಶುಲ್ಕದೊಡನೆ ಬೆರೆಸಬಾರದು. ಅದು ಬೇಡವೆಂದಿದ್ದರೆ ಮನೆಯಿಂದ ಸ್ಟೀಲ್ ಡಬ್ಬಿ ತೆಗೆದುಕೊಂಡು ಹೋಗಿ, ಟೋಕನ್ ತೆಗೆದುಕೊಳ್ಳುವ ಮೊದಲೇ ಆ ಮಾತನ್ನು ಕ್ಯಾಷಿಯರ್‌ಗೆ ತಿಳಿಸಿ.