ಜೋರ್ಡನ್ ಈಗ ಆಡಿದ್ದರೆ?

ಶಿವಮೊಗ್ಗದ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಈಗಿನ ಆಟವನ್ನು ಹೊಗಳಿದ್ದೀರಿ. ನನಗೆ ಒಪ್ಪಿಗೆಯಿಲ್ಲ. ಈಗಿನವರು ದೂರದಿಂದ ಎಸೆಯೋದು ಬಿಟ್ಟು ಬೇರೇನು ಮಾಡ್ತಾರೆ? ಡಿಫೆನ್ಸ್ ಅನ್ನೋದೇ ಇಲ್ಲ. ಆಟ ಅಂದರೆ ತೊಂಬತ್ತರ ದಶಕದ್ದು. ಮೈಕೆಲ್ ಜೋರ್ಡನ್ ಈಗ ಆಡಿದ್ದರೆ ಪಂದ್ಯಕ್ಕೆ ಐವತ್ತು ಪಾಯಿಂಟ್ ಹೊಡೀತಿದ್ದರು."

ಸಂಪಾದಕರ ಉತ್ತರ:

ಐವತ್ತು ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಇಡೀ ಸೀಸನ್ ಆ ಸರಾಸರಿ ಉಳಿಸಿಕೊಂಡವರು ಒಬ್ಬರೇ, ವಿಲ್ಟ್ ಚೇಂಬರ್ಲೇನ್. 1961-62ರಲ್ಲಿ ಅವರದು 50.4. ಹಾಗಂತ ಅದೇ ಅತ್ಯುತ್ತಮ ಕಾಲ ಅಂತ ನೀವೂ ಹೇಳಲ್ಲ, ಅಲ್ವಾ? ಆಗ ಚೆಂಡು ಸಿಕ್ಕ ತಕ್ಷಣ ಓಡಿ ಎಸೆಯುತ್ತಿದ್ದರು. ಅರ್ಧಕ್ಕಿಂತ ಜಾಸ್ತಿ ಗುರಿ ತಪ್ಪುತ್ತಿದ್ದವು. ಮತ್ತೆ ರಿಬೌಂಡ್ (ತಪ್ಪಿ ಬಂದ ಚೆಂಡು ಹಿಡಿಯೋದು), ಮತ್ತೆ ಓಟ. ಒಂದೊಂದು ತಂಡ ಪಂದ್ಯಕ್ಕೆ ಸರಾಸರಿ 118ಕ್ಕೂ ಹೆಚ್ಚು ಪಾಯಿಂಟ್ ಗಳಿಸುತ್ತಿತ್ತು. ಚೇಂಬರ್ಲೇನ್ ಅಂತೂ ಬೆಂಚಿನ ಕಡೆ ಹೋದದ್ದೇ ಅಪರೂಪ. 48 ನಿಮಿಷದ ಆಟದಲ್ಲಿ ಓವರ್‌ಟೈಮ್ ಸೇರಿ ಅವರ ಸರಾಸರಿ 48.5 ನಿಮಿಷ! ಅದೇ ಸೀಸನ್‌ನಲ್ಲಿ ಎಲ್ಜಿನ್ ಬೇಲರ್ ಸೇನೆಯ ಕೆಲಸದ ನಡುವೆ ರಜೆ ಸಿಕ್ಕಾಗ ಬಂದು 48 ಪಂದ್ಯ ಆಡಿದರು, 38.3 ಸರಾಸರಿಯಲ್ಲಿ. ಬೇಲರ್ ಎಂಥವರು ಅಂತ ಇದರಿಂದ ಗೊತ್ತಾಗುತ್ತೆ. ಲೀಗ್ ಎಂಥದ್ದು ಅಂತಲೂ.

ಅದಕ್ಕೇ ನಾನು ಒಂದು ಕಾಲದ ಆಟವನ್ನು ಅದರ ಸ್ಟಾರ್‌ನಿಂದ ಅಳೆಯಲ್ಲ. ತಂಡದ ಎಂಟನೇ ಆಟಗಾರನನ್ನು ನೋಡುತ್ತೇನೆ. ಬೆಂಚಿನಿಂದ ಎದ್ದು ಬಂದು ಹದಿನೈದು ನಿಮಿಷ ಆಡುವವನಿಗೆ ಏನೇನು ಬರುತ್ತೆ?

ಈ ಲೆಕ್ಕದಲ್ಲಿ ನಿಮ್ಮ ತೊಂಬತ್ತರ ದಶಕ ಸ್ವಲ್ಪ ತೆಳುವೇ. 1988ರಿಂದ 1995ರ ನಡುವೆ ಆರು ಹೊಸ ತಂಡಗಳು ಸೇರಿ, 23 ಇದ್ದದ್ದು 29 ಆಯಿತು. ಹೊರದೇಶದ ಆಟಗಾರರು ಇನ್ನೂ ಕಡಿಮೆ. ಆ ಹೊಸ ಜಾಗಗಳನ್ನೆಲ್ಲ ಹೆಚ್ಚಾಗಿ ಅಮೆರಿಕದ ಹುಡುಗರೇ ತುಂಬಬೇಕಿತ್ತು. 1995-96ರಲ್ಲಿ ಜೋರ್ಡನ್‌ರ ಚಿಕಾಗೊ ಬುಲ್ಸ್ 82ರಲ್ಲಿ 72 ಗೆದ್ದಿತು. ಆ ಸೀಸನ್‌ಗೆ ಹೊಸದಾಗಿ ಬಂದ ವ್ಯಾಂಕೂವರ್ ಗೆದ್ದದ್ದು 15. ಬುಲ್ಸ್ ಮಹಾ ತಂಡ, ಎರಡು ಮಾತಿಲ್ಲ. (ಇನ್ನೊಂದು ಹೊಸ ತಂಡ ಟೊರಾಂಟೊ ಅವರನ್ನು ಒಮ್ಮೆ 109-108ರಲ್ಲಿ ಸೋಲಿಸಿತು ಅನ್ನೋದು ಬೇರೆ ವಿಷಯ.) ಈಗ ನೋಡಿ, 2019ರಿಂದ 2025ರವರೆಗೆ ಎಂವಿಪಿ (ಸೀಸನ್‌ನ ಅತ್ಯುತ್ತಮ ಆಟಗಾರ) ಆದವರಲ್ಲಿ ಒಬ್ಬರೂ ಅಮೆರಿಕದಲ್ಲಿ ಹುಟ್ಟಿದವರಲ್ಲ. ಬೆಂಚುಗಳಿಗೂ ಈಗ ಇಡೀ ಜಗತ್ತಿನಿಂದ ಹುಡುಗರು ಬರುತ್ತಾರೆ.

ಇನ್ನು ಡಿಫೆನ್ಸ್. ಆಗ ಹೊಡೆತ, ತಳ್ಳಾಟ ಜಾಸ್ತಿ ಇತ್ತು, ಒಪ್ಪಿದೆ. ಆದರೆ ಝೋನ್ ಡಿಫೆನ್ಸ್‌ಗೆ, ಅಂದರೆ ಒಬ್ಬೊಬ್ಬ ಎದುರಾಳಿಯ ಬದಲು ಅಂಗಳದ ಒಂದೊಂದು ಜಾಗ ಕಾಯುವುದಕ್ಕೆ, ಅವಕಾಶವೇ ಇರಲಿಲ್ಲ. ನಾಲ್ವರು ಒಂದು ಬದಿಗೆ ಸರಿದು ನಿಂತರೆ, ಅವರನ್ನು ಕಾಯುವವರೂ ಹೆಚ್ಚುಕಡಿಮೆ ಅಲ್ಲೇ ನಿಲ್ಲಬೇಕಿತ್ತು. ಸ್ಟಾರ್‌ಗೆ ಅರ್ಧ ಅಂಗಳ ಖಾಲಿ. 2001-02ರಲ್ಲಿ ಆ ನಿಯಮ ಹೋಯಿತು. ಈಗ ಐದೂ ಜನ ದೂರದಿಂದ ಎಸೆಯಬಲ್ಲರು, ಹಾಗಾಗಿ ತಡೆಯುವವರು ಓಡಬೇಕಾದ ಜಾಗವೂ ದೊಡ್ಡದು. ಬ್ರೂಕ್ ಲೋಪೆಝ್ ಏಳಡಿಯ ಸೆಂಟರ್, ಅಂದರೆ ಸಾಮಾನ್ಯವಾಗಿ ಬುಟ್ಟಿಯ ಹತ್ತಿರ ಆಡುವವರು. ಮೊದಲ 8 ಸೀಸನ್‌ನಲ್ಲಿ ಹಾಕಿದ್ದು ಒಟ್ಟು 3 ತ್ರೀ ಪಾಯಿಂಟರ್ (ದೂರದ ಗೆರೆಯಾಚೆಯಿಂದ ಹಾಕಿದರೆ ಮೂರು ಪಾಯಿಂಟ್ ಸಿಗುವ ಎಸೆತ). ಒಂಬತ್ತನೇ ಸೀಸನ್ ಒಂದರಲ್ಲೇ 134. ಕೆಲಸ ಉಳಿಸಿಕೊಳ್ಳಬೇಕಾದರೆ ಕಲಿಯಲೇಬೇಕಿತ್ತು.

ಎಲ್ಲ ತಂಡಗಳೂ ಒಂದೇ ಥರ ಆಡ್ತವೆ ಅಂದಿದ್ದರೆ ನಾನು ತಕ್ಷಣ ಒಪ್ಪುತ್ತಿದ್ದೆ. ತ್ರೀ ಪಾಯಿಂಟ್ ಗೆರೆ ಬಂದ 1979-80ರಲ್ಲಿ ತಂಡವೊಂದು ಪಂದ್ಯಕ್ಕೆ ಅಲ್ಲಿಂದ ಎಸೆಯುತ್ತಿದ್ದದ್ದು ಮೂರಕ್ಕೂ ಕಡಿಮೆ. 2024-25ರಲ್ಲಿ 37ಕ್ಕೂ ಹೆಚ್ಚು. ಕೆಲವು ರಾತ್ರಿ ನನಗೂ ಬೋರ್ ಆಗುತ್ತೆ.

ಜೋರ್ಡನ್ ವಿಷಯ. ಅವರ ಅತಿ ಹೆಚ್ಚಿನ ಸರಾಸರಿ 37.1, 1986-87ರಲ್ಲಿ. ಅದು ಬರೀ 12 ತ್ರೀ ಪಾಯಿಂಟರ್ ಹಾಕಿದ ಸೀಸನ್! ಈಗಿನ ಹುಡುಗನಾಗಿ ಬೆಳೆದಿದ್ದರೆ ಅದನ್ನೂ ಕಲಿತಿರುತ್ತಿದ್ದರು. ಮೈಮೇಲೆ ಕೈಯಿಟ್ಟು ತಡೆಯುವ ಹಾಗೂ ಇಲ್ಲ. ಆದರೆ ಝೋನ್ ಎದುರಿಗಿರುತ್ತೆ, ಮತ್ತೆ 48 ನಿಮಿಷ ಈಗ ಯಾವ ಕೋಚೂ ಆಡಿಸಲ್ಲ. ನನ್ನ ಅಂದಾಜು ಮೂವತ್ತೈದರ ಆಸುಪಾಸು. ಐವತ್ತು ಜಾಸ್ತಿ ಆಯ್ತು, ಸ್ವಾಮಿ.

- ಸಂ.